ಪಾಸ್‌ಪೋರ್ಟ್‌ನಲ್ಲಿ ಬರೆದ ಕೊನೆಯ ದಿನಾಂಕ ನಂಬಿ ಟಿಕೆಟ್ ಬುಕ್ ಮಾಡಬೇಡಿ

ಮಧುಗಿರಿಯಿಂದ ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಏರ್‌ಪೋರ್ಟ್‌ಗೆ ಹೋಗೋದು ಈಗ ಹೆಚ್ಚೇನೂ ಕಷ್ಟವಲ್ಲ. ಮನೆಯಿಂದ ಮೊದಲ ಸಲ ಯಾರಾದರೂ ದುಬೈಗೆ ಹೊರಟರೆ ಒಂದು ಟೆಂಪೊ ಟ್ರಾವೆಲರ್ ತುಂಬ ಜನ ಕಳಿಸಿಕೊಡಲು ಬರುತ್ತಾರೆ. ಹುಡುಗ ಒಳಗೆ ಹೋಗಿ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ಕೊಡುತ್ತಾನೆ. ಅಲ್ಲಿ ಕೂತವರು ಒಂದು ಪುಟ ನೋಡಿ, ಕಂಪ್ಯೂಟರ್ ನೋಡಿ, "ಇದು ಮಾರ್ಚ್‌ಗೆ ಮುಗಿಯುತ್ತಲ್ಲ" ಅನ್ನುತ್ತಾರೆ. "ಹೌದು ಮೇಡಂ, ಈಗಿನ್ನೂ ಅಕ್ಟೋಬರ್. ನಾನು ಹದಿನೈದು ದಿನಕ್ಕೆ ವಾಪಸ್ ಬರ್ತೀನಿ." "ಆಗಲ್ಲ ಸರ್." ಅಷ್ಟೇ. ವೀಸಾ ಇದೆ, ಟಿಕೆಟ್ ಇದೆ, ಪಾಸ್‌ಪೋರ್ಟ್ ಚಾಲ್ತಿಯಲ್ಲೂ ಇದೆ. ಆದರೂ ವಿಮಾನ ಹತ್ತಿಸುವುದಿಲ್ಲ.

ಇದು ನಾನು ಕಟ್ಟಿದ ಉದಾಹರಣೆ. ಆದರೆ ಇದರ ಹಿಂದಿರುವ ನಿಯಮ ನಿಜ, ಅದಕ್ಕೆ ಸಿಕ್ಕಿಬೀಳುವವರೂ ನಿಜ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಉಪವಿಭಾಗದಲ್ಲಿ ಪಾಸ್‌ಪೋರ್ಟ್ ಎಂಬುದು ಬಹುತೇಕ ಮನೆಗಳಿಗೆ ಈ ತಲೆಮಾರಿನಲ್ಲಿ ಬಂದ ವಸ್ತು. ಓದಲು ಹೋಗುವವರು, ಗಲ್ಫ್‌ಗೆ ದುಡಿಯಲು ಹೋಗುವವರು, ಶಿರಾದಿಂದ ಉಮ್ರಾಕ್ಕೆ, ಹಜ್‌ಗೆ ಹೊರಡುವ ಹಿರಿಯರು, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಡುವ ಅಮ್ಮಂದಿರು, ಎಲ್ಲರೂ ನೋಡುವುದು ಅದರ ಮೇಲಿನ ಒಂದೇ ದಿನಾಂಕವನ್ನು. ಆ ದಿನಾಂಕದ ಹಿಂದೆ ಮೂರ್ನಾಲ್ಕು ಬೇರೆ ದಿನಾಂಕಗಳು ಅಡಗಿವೆ. ಕೆಲವನ್ನು ಹೋಗುವ ದೇಶ ಗೊತ್ತುಮಾಡುತ್ತದೆ. ಇನ್ನು ಕೆಲವನ್ನು ನಮ್ಮದೇ ಸರ್ಕಾರ ಗೊತ್ತುಮಾಡುತ್ತದೆ, ಅದರಲ್ಲೂ ನಿಮ್ಮ ಮೇಲೆ ಹೋರಾಟದ ಕೇಸು ಇದ್ದರೆ. ಈ ಲೇಖನ ಮುಖ್ಯವಾಗಿ ಬರೆದದ್ದು ಆ ಎರಡನೇ ಕಾರಣಕ್ಕೆ. ಮೊದಲು ಸುಲಭದ್ದು ಮುಗಿಸೋಣ.

ಆರು ತಿಂಗಳ ಲೆಕ್ಕ

ವಯಸ್ಕರ ಸಾಮಾನ್ಯ ಪಾಸ್‌ಪೋರ್ಟ್‌ಗೆ 10 ವರ್ಷದ ಅವಧಿ. ಆದರೆ ಯುಎಇ, ಸೌದಿ ಅರೇಬಿಯಾ, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್, ಇಂಡೋನೇಷ್ಯಾ, ಶ್ರೀಲಂಕಾ ಇಂಥ ದೇಶಗಳಿಗೆ ಹೋಗುವ ಪ್ರವಾಸಿಯ ಪಾಸ್‌ಪೋರ್ಟ್, ಅಲ್ಲಿ ಕಾಲಿಡುವ ದಿನದಿಂದ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿ ಇರಬೇಕು. ಅಂದರೆ 10 ವರ್ಷದ ಪುಸ್ತಕ ಈ ದೇಶಗಳ ಮಟ್ಟಿಗೆ ಒಂಬತ್ತೂವರೆ ವರ್ಷದ ಪುಸ್ತಕ. ಲೆಕ್ಕ ಬಹಳ ಸರಳ: ಪಾಸ್‌ಪೋರ್ಟ್ 2027ರ ಮಾರ್ಚ್ 10ಕ್ಕೆ ಮುಗಿಯುತ್ತದೆ ಅಂದರೆ, 2026ರ ಸೆಪ್ಟೆಂಬರ್ ಮೊದಲ ವಾರ ದಾಟಿದ ಮೇಲೆ ದುಬೈ ಪ್ರವಾಸಕ್ಕೆ ಅದು ಕೆಲಸಕ್ಕೆ ಬಾರದು. ಮೇಲಿನ ಹುಡುಗ ಹೊರಟಿದ್ದು ಅಕ್ಟೋಬರ್‌ನಲ್ಲಿ.

ಅದೇ ಹುಡುಗ ಅದೇ ದಿನ ಪ್ಯಾರಿಸ್‌ಗೆ ಹೊರಟಿದ್ದರೆ ಅವಧಿಯ ಕಾರಣಕ್ಕೆ ಯಾರೂ ತಡೆಯುತ್ತಿರಲಿಲ್ಲ. ಷೆಂಗೆನ್ ಒಪ್ಪಂದದ 29 ಯುರೋಪಿಯನ್ ದೇಶಗಳು ಕೇಳುವುದು, ಅಲ್ಲಿಂದ ಹೊರಬೀಳುವ ದಿನದ ನಂತರ 3 ತಿಂಗಳ ಅವಧಿ. ಜೊತೆಗೆ ಕನಿಷ್ಠ ಎರಡು ಖಾಲಿ ಪುಟ. ಬ್ರಿಟನ್‌ಗೆ ಅಲ್ಲಿ ಇರುವಷ್ಟು ದಿನ ಪಾಸ್‌ಪೋರ್ಟ್ ಜೀವಂತವಾಗಿದ್ದರೆ ಸಾಕು. ಅಮೆರಿಕದ್ದು ಹೇಳಲು ಆರು ತಿಂಗಳ ನಿಯಮವೇ, ಆದರೆ ಅದರಿಂದ ವಿನಾಯಿತಿ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತವೂ ಇದೆ. ಕೆನಡಾದ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. ಕೋರ್ಸ್ ಎರಡು ವರ್ಷದ್ದಿದ್ದು ಪಾಸ್‌ಪೋರ್ಟ್ ಒಂದು ವರ್ಷಕ್ಕೆ ಮುಗಿಯುವುದಾದರೆ ಸ್ಟಡಿ ಪರ್ಮಿಟ್ ಕೂಡ ಒಂದೇ ವರ್ಷಕ್ಕೆ ಕೊಡುತ್ತಾರೆ. ಆಮೇಲೆ ಅಲ್ಲಿ ಕೂತು ಪಾಸ್‌ಪೋರ್ಟ್ ಹೊಸದು ಮಾಡಿಸಿ, ಪರ್ಮಿಟ್ ವಿಸ್ತರಿಸಿ, ಎರಡಕ್ಕೂ ದುಡ್ಡು ಕಟ್ಟಬೇಕು. ನೇಪಾಳ, ಭೂತಾನ್‌ಗೆ ಭಾರತೀಯರಿಗೆ ಪಾಸ್‌ಪೋರ್ಟೇ ಕಡ್ಡಾಯವಲ್ಲ, ವೋಟರ್ ಐಡಿ ನಡೆಯುತ್ತದೆ.

ಹಜ್‌ಗೆ ಹೋಗುವವರಿಗೆ ಇನ್ನೊಂದು ಬಗೆಯ ಲೆಕ್ಕ. ಭಾರತೀಯ ಹಜ್ ಸಮಿತಿ ಪ್ರತಿ ವರ್ಷದ ಮಾರ್ಗಸೂಚಿಯಲ್ಲಿ ಪಾಸ್‌ಪೋರ್ಟ್ ಯಾವ ತಾರೀಖಿನವರೆಗೆ ಚಾಲ್ತಿ ಇರಬೇಕು ಎಂದು ಒಂದು ದಿನಾಂಕ ಬರೆದಿರುತ್ತದೆ. ಅರ್ಜಿ ಹಾಕುವುದು ಯಾತ್ರೆಗೆ ತಿಂಗಳುಗಟ್ಟಲೆ ಮೊದಲು. ಮನೆಯ ಹಿರಿಯರ ಪಾಸ್‌ಪೋರ್ಟ್ ಬೀರುವಿನಿಂದ ತೆಗೆದು ನೋಡಬೇಕಾದ್ದು ಆಗ, ಹೆಸರು ಲಾಟರಿಯಲ್ಲಿ ಬಂದ ಮೇಲಲ್ಲ.

ಇಷ್ಟಕ್ಕೂ ವಿದೇಶದ ನಿಯಮವನ್ನು ಬೆಂಗಳೂರಿನ ಏರ್‌ಲೈನ್ ಕೌಂಟರ್‌ನವರು ಯಾಕೆ ಜಾರಿ ಮಾಡುತ್ತಾರೆ? ಯಾಕಂದ್ರೆ ಅಲ್ಲಿನ ಇಮಿಗ್ರೇಶನ್ ನಿಮ್ಮನ್ನು ಒಳಗೆ ಬಿಡದಿದ್ದರೆ ವಾಪಸ್ ಕರೆತರುವ ಹೊಣೆ ಏರ್‌ಲೈನ್‌ನದು. ಎಷ್ಟೋ ಕಡೆ ದಂಡವೂ ಬೀಳುತ್ತದೆ. ಹಾಗಾಗಿ ಅವರು ಟಿಮ್ಯಾಟಿಕ್ ಎಂಬ ಡೇಟಾಬೇಸ್ ನೋಡುತ್ತಾರೆ. ವಿಮಾನ ಕಂಪನಿಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯಾಟಾ ನಡೆಸುವ ಈ ಡೇಟಾಬೇಸ್‌ನಲ್ಲಿ ಯಾವ ದೇಶದ ಪಾಸ್‌ಪೋರ್ಟ್‌ಗೆ ಎಲ್ಲಿ ಎಷ್ಟು ಅವಧಿ ಬೇಕು ಎಂದು ಇರುತ್ತದೆ. ಕೌಂಟರ್‌ನಲ್ಲಿ ವಾದ ಮಾಡಿ ಗೆಲ್ಲುವುದು ಕಷ್ಟ. ಟಿಕೆಟ್ ಬುಕ್ ಮಾಡುವ ಮುಂಚೆ ಆ ದೇಶದ ರಾಯಭಾರ ಕಚೇರಿಯ ಪುಟದಲ್ಲೋ, ಏರ್‌ಲೈನ್‌ನ ಪುಟದಲ್ಲೋ ನೋಡಿಕೊಳ್ಳುವುದು ಜಾಣತನ. ನಡುವೆ ಬೇರೆ ದೇಶದಲ್ಲಿ ವಿಮಾನ ಬದಲಿಸುವುದಿದ್ದರೆ ಆ ದೇಶದ್ದೂ ನೋಡಿ.

ಯಾವಾಗ, ಎಲ್ಲಿ ಹೊಸದು ಮಾಡಿಸೋದು

ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಮರುವಿತರಣೆಗೆ, ಅಂದರೆ ರೀ-ಇಶ್ಯೂಗೆ, ಅರ್ಜಿ ಹಾಕಬಹುದು. ಒಂಬತ್ತು ವರ್ಷ ತುಂಬಿದ ದಿನವೇ ಮೊಬೈಲ್‌ನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ. 36 ಪುಟದ ಪುಸ್ತಕಕ್ಕೆ 1500 ರೂಪಾಯಿ, 60 ಪುಟದ್ದಕ್ಕೆ 2000. ತತ್ಕಾಲ್ ಬೇಕೆಂದರೆ ಇದರ ಮೇಲೆ 2000. ಪೊಲೀಸ್ ವೆರಿಫಿಕೇಶನ್‌ಗೆ ಠಾಣೆಯಲ್ಲಿ ಅರ್ಜಿದಾರರು ಒಂದು ಪೈಸೆಯನ್ನೂ ಕಟ್ಟಬೇಕಾಗಿಲ್ಲ. "ಟೀ ಖರ್ಚಿಗೆ" ಎಂಬುದು ಯಾವ ನಿಯಮದಲ್ಲೂ ಇಲ್ಲ. (ಆ ಪೊಲೀಸ್ ಇಲಾಖೆಯನ್ನು ನೋಡಿಕೊಳ್ಳಲು 2023ರ ಮೇ ತಿಂಗಳಲ್ಲಿ ಗೃಹ ಸಚಿವರಾದವರು ಕೊರಟಗೆರೆ ಶಾಸಕ ಜಿ. ಪರಮೇಶ್ವರ. ಅವರು ಸ್ವತಃ ಪಿಎಚ್‌ಡಿ ಮಾಡಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ಹೊರದೇಶಕ್ಕೆ ಓದಲು ಹೋಗುವ ಹುಡುಗರ ಕಷ್ಟ ಅವರಿಗೆ ಗೊತ್ತಿರಬೇಕು.)

ತುಮಕೂರು ಜಿಲ್ಲೆ ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಆದರೆ 2018ರ ಜೂನ್‌ನಿಂದ ದೇಶದ ಯಾವ ಮೂಲೆಯ ಪಾಸ್‌ಪೋರ್ಟ್ ಸೇವಾ ಕೇಂದ್ರವನ್ನಾದರೂ ಆರಿಸಿಕೊಳ್ಳಲು ಅವಕಾಶ ಇದೆ. ಪಾವಗಡದವರು ಇದನ್ನು ಗಮನಿಸಬೇಕು. ಹೆಚ್ಚುಕಡಿಮೆ ಎಲ್ಲ ದಿಕ್ಕಿನಲ್ಲೂ ಆಂಧ್ರ ಸುತ್ತುವರಿದ ತಾಲ್ಲೂಕು ಅದು. ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗದೆ ವಾರಗಟ್ಟಲೆ ಕಾಯುವ ಬದಲು ಗಡಿಯಾಚೆ ಬೇಗ ಸಿಗುತ್ತದೆ ಅಂದರೆ ಅಲ್ಲಿಗೇ ಹೋಗಿ. ಅರ್ಜಿಯಲ್ಲಿ ಬರೆದ ವಿಳಾಸದ ಠಾಣೆಯವರೇ ಪರಿಶೀಲನೆಗೆ ಬರುತ್ತಾರೆ, ಪುಸ್ತಕ ಸ್ಪೀಡ್ ಪೋಸ್ಟ್‌ನಲ್ಲಿ ಅದೇ ವಿಳಾಸಕ್ಕೆ ಬರುತ್ತದೆ. ಬೆಂಗಳೂರಿನ ಪಿಜಿಯಲ್ಲಿ ಇರುವವರು ಊರಿನ ವಿಳಾಸ ಕೊಟ್ಟು, ಪೊಲೀಸರು ಬಂದಾಗ ಊರಲ್ಲಿ ಇಲ್ಲದೆ ಅರ್ಜಿ ಸಿಕ್ಕಿಕೊಳ್ಳುವುದು ಮಾಮೂಲು. ಈಗ ಎಲ್ಲಿ ವಾಸವೋ ಆ ವಿಳಾಸವನ್ನೇ ಕೊಡಬೇಕು ಎನ್ನುತ್ತದೆ ನಿಯಮ.

ಮುಗಿದು ಮೂರು ವರ್ಷಕ್ಕಿಂತ ಹೆಚ್ಚಾಗಿದ್ದರೆ ಪೊಲೀಸ್ ಪರಿಶೀಲನೆ ಮತ್ತೆ ಮೊದಲಿನಿಂದ ಎಂದುಕೊಳ್ಳಿ. ಹಳೇ ಪುಸ್ತಕದಲ್ಲಿ ಅಮೆರಿಕದ ವೀಸಾ ಇನ್ನೂ ಬಾಕಿ ಇದ್ದರೆ ಹೆದರಬೇಡಿ, ಎರಡೂ ಪುಸ್ತಕ ಜೊತೆಗಿಟ್ಟುಕೊಂಡು ಹೋಗಬಹುದು. ಕೈಬರಹದ ಹಳೆಯ ಪಾಸ್‌ಪೋರ್ಟ್ ಅಪ್ಪನ ಟ್ರಂಕ್‌ನಲ್ಲಿ ಸಿಕ್ಕರೆ ಅದರಲ್ಲಿ ಯಾವ ದಿನಾಂಕವೇ ಇರಲಿ, ಯಂತ್ರ ಓದಲಾಗದ ಪಾಸ್‌ಪೋರ್ಟ್‌ಗಳ ಕಾಲ 2015ರ ನವೆಂಬರ್ 24ಕ್ಕೇ ಮುಗಿದಿದೆ.

ಮಕ್ಕಳದ್ದು ಬೇರೆಯೇ ಲೆಕ್ಕ. 5 ವರ್ಷ, ಇಲ್ಲವೇ 18 ತುಂಬುವ ದಿನ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ. 16 ವರ್ಷದ ಮಗಳಿಗೆ ಮಾಡಿಸುವುದಾದರೆ 10 ವರ್ಷದ್ದನ್ನೇ ಕೇಳಿ, 15 ದಾಟಿದವರಿಗೆ ಆ ಆಯ್ಕೆ ಇದೆ. 2025ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯ ಪ್ರಕಾರ, 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಗುವಿನ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿದ್ದರೆ ಸಮಸ್ಯೆ ಇಲ್ಲ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟ್ ಅಧಿಕಾರದ ಅಧಿಕಾರಿಯ ಆದೇಶ ತರಬೇಕು.

ಕೆ.ಆರ್. ರಂಗನಾಥ ಎಂಬ ಹೆಸರಿನ ತೊಂದರೆ

ಅವಧಿ ಸರಿಯಿದ್ದೂ ಹೆಸರಿನ ಕಾರಣಕ್ಕೆ ಪಾಸ್‌ಪೋರ್ಟ್ ಕೆಲಸಕ್ಕೆ ಬಾರದೆ ಹೋಗುವುದು ನಮ್ಮ ಕಡೆ ಹೆಚ್ಚು. ನಮ್ಮಲ್ಲಿ ಸರ್‌ನೇಮ್ ಎಂಬುದಿಲ್ಲ, ಇನಿಷಿಯಲ್ ಇದೆ. ಒಂದಕ್ಷರ ಊರಿನದು, ಒಂದಕ್ಷರ ಅಪ್ಪನದು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ 'ರಂಗನಾಥ ಕೆ.ಆರ್.', ಆಧಾರ್‌ನಲ್ಲಿ ಬರೀ 'ರಂಗನಾಥ', ಪ್ಯಾನ್‌ನಲ್ಲಿ 'ರಂಗನಾಥ ರಾಮಣ್ಣ'. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸುವ ತಂಟೆ ಯಾಕೆ ಎಂದು ಎಷ್ಟೋ ಜನ ಒಂದೇ ಪದ ಬರೆಸಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದಾರೆ.

2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿರುವ ಪ್ರವಾಸಿಗಳನ್ನು ಬಿಟ್ಟುಕೊಳ್ಳುವುದಿಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಒಪ್ಪುತ್ತೇವೆ ಎಂಬ ಸ್ಪಷ್ಟನೆ ಆಮೇಲೆ ಬಂತು. ಆದರೂ ಕೌಂಟರ್‌ನಲ್ಲಿ ನಿಂತು ಆ ಸ್ಪಷ್ಟನೆ ತೋರಿಸುವ ಪಾಡು ಯಾರಿಗೂ ಬೇಡ. ಮುಂದಿನ ಸಲ ಹೊಸದು ಮಾಡಿಸುವಾಗ ಇನಿಷಿಯಲ್ ಬಿಡಿಸಿ, ಮಾರ್ಕ್ಸ್ ಕಾರ್ಡ್, ಆಧಾರ್, ಪ್ಯಾನ್ ಎಲ್ಲದರಲ್ಲೂ ಒಂದೇ ಕಾಗುಣಿತ ಇರುವಂತೆ ನೋಡಿಕೊಳ್ಳಿ. ಊರಿನ ಹೆಸರು, ಅಪ್ಪನ ಹೆಸರು ಸೇರಿಸಿ ಗುರುತು ಹೇಳುವ ನಮ್ಮ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಜಗತ್ತಿನ ಫಾರಂಗಳು ಅದನ್ನು ನೋಡಿ ಮಾಡಿದ್ದಲ್ಲ, ಅಷ್ಟೇ.

ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಷ್ಟನೇ ಸ್ಥಾನ ಎಂದು ನೋಡುತ್ತೇವೆ. ಫೇಲಾದವರ ಪಾಸ್‌ಪೋರ್ಟ್‌ಗೆ ಏನಾಗುತ್ತದೆ ಎಂದು ಯಾರೂ ನೋಡುವುದಿಲ್ಲ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು, ಅಂದರೆ ವಲಸೆ ಅನುಮತಿ ಬೇಕಾದದ್ದು. 1983ರ ವಲಸೆ ಕಾಯ್ದೆಯ ಅಡಿ, ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಇವರು ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಅನುಮತಿ ಪಡೆಯಲೇಬೇಕು. ಆ ಅನುಮತಿಗೂ ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು.

ಉದ್ದೇಶ ಒಳ್ಳೆಯದೇ. ಕಾಂಟ್ರಾಕ್ಟ್ ಪರಿಶೀಲನೆ ಆಗುತ್ತದೆ, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಸಿಗುತ್ತದೆ. ಆದರೆ ಏಜೆಂಟರು ಈ ದಾರಿಯನ್ನು ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ, ಯಾಕಂದ್ರೆ ಪ್ರವಾಸಕ್ಕೆ ಹೋಗುವವರಿಗೆ ಈ ಅನುಮತಿ ಬೇಡ. ಹಾಗೆ ಹೋದವರಿಗೆ ಅಲ್ಲಿ ಸಂಬಳ ಸಿಗದಿದ್ದರೆ ಕೇಳಲು ಕೈಯಲ್ಲಿ ಕಾಗದವೇ ಇರುವುದಿಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರ ಹತ್ತಿರ ರಿಜಿಸ್ಟ್ರೇಶನ್ ನಂಬರ್ ಕೇಳಿ, ಇ-ಮೈಗ್ರೇಟ್ ಪುಟದಲ್ಲಿ ಹಾಕಿ ನೋಡಿ. ಆಮೇಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದವರು ಮರುವಿತರಣೆಗೆ ಅರ್ಜಿ ಹಾಕಿ ಆ ಮುದ್ರೆ ತೆಗೆಸಿಕೊಳ್ಳಬಹುದು.

2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಈ ವರ್ಗದವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡಲು ಹೊರಟಿತ್ತು. ಓದಿದವನಿಗೆ ನೀಲಿ, ಓದದವನಿಗೆ ಕಿತ್ತಳೆ. ವಿರೋಧ ಜೋರಾಗಿ, ಆ ತಿಂಗಳು ಮುಗಿಯುವ ಮೊದಲೇ ಕೈಬಿಟ್ಟರು. ಬಣ್ಣ ಹೋಯಿತು, ವಿಂಗಡಣೆ ಉಳಿಯಿತು.

ಕೇಸು ಇದ್ದರೆ ಒಂದೇ ವರ್ಷ

ಇನ್ನು ಈ ಲೇಖನದ ಮುಖ್ಯ ವಿಷಯ. 2025ರಲ್ಲಿ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಹೋರಾಟ ನಡೆಯಿತು, ಕೇಸುಗಳೂ ಬಿದ್ದವು. ಅದಕ್ಕೂ ಮೊದಲು ಸಿಎಎ ವಿರೋಧಿ ಪ್ರತಿಭಟನೆ, ರೈತ ಹೋರಾಟ, ವಿದ್ಯಾರ್ಥಿ ಚಳವಳಿ. ರಸ್ತೆಯಲ್ಲಿ ಕೂತವರ ಮೇಲೆ ನಿಷೇಧಾಜ್ಞೆ ಉಲ್ಲಂಘನೆ, ಅಕ್ರಮ ಕೂಟ ಎಂಬ ಸೆಕ್ಷನ್‌ಗಳು. ಎಷ್ಟೋ ಜನ ಅದನ್ನು ಮರೆತೇ ಬಿಟ್ಟಿರುತ್ತಾರೆ. ನೆನಪಾಗುವುದು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ.

1967ರ ಪಾಸ್‌ಪೋರ್ಟ್ ಕಾಯ್ದೆಯ ಸೆಕ್ಷನ್ 6(2)(ಎಫ್) ಪ್ರಕಾರ, ಭಾರತದ ಕ್ರಿಮಿನಲ್ ಕೋರ್ಟ್‌ನಲ್ಲಿ ಅರ್ಜಿದಾರರ ಮೇಲೆ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಇಲ್ಲಿ 'ಕೋರ್ಟ್‌ನಲ್ಲಿ ಬಾಕಿ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಫ್‌ಐಆರ್ ದಾಖಲಾಗಿದೆ, ತನಿಖೆ ನಡೆಯುತ್ತಿದೆ ಎಂಬುದಷ್ಟೇ ಇದಕ್ಕೆ ಸಾಲದು. ಚಾರ್ಜ್‌ಶೀಟ್ ಹೋಗಿ ಕೋರ್ಟ್ ಅದನ್ನು ಪರಿಗಣನೆಗೆ ತೆಗೆದುಕೊಂಡ ಮೇಲಷ್ಟೇ ಪ್ರಕರಣ 'ಬಾಕಿ' ಎನಿಸುತ್ತದೆ. ಇದು ನನ್ನ ವ್ಯಾಖ್ಯಾನವಲ್ಲ. ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಕಚೇರಿ ಜ್ಞಾಪನದಲ್ಲಿ ಹೀಗೆಂದು ಬರೆದಿದೆ. ಠಾಣೆಯಿಂದ 'ಪ್ರತಿಕೂಲ' ವರದಿ ಹೋಗಿ ಬರೀ ಎಫ್‌ಐಆರ್ ಕಾರಣಕ್ಕೆ ಅರ್ಜಿ ನಿಂತಿದ್ದರೆ, ಈ ಜ್ಞಾಪನದ ಪ್ರತಿ ಇಟ್ಟು ಪಾಸ್‌ಪೋರ್ಟ್ ಕಚೇರಿಗೆ ಲಿಖಿತವಾಗಿ ಬರೆಯಿರಿ.

ನಿಜವಾಗಿಯೂ ಕೇಸು ಕೋರ್ಟ್‌ನಲ್ಲಿ ನಡೆಯುತ್ತಿದ್ದರೆ? ಆಗಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. 1993ರ ಆಗಸ್ಟ್ 25ರ ಒಂದು ಅಧಿಸೂಚನೆ ಇದೆ, ಜಿಎಸ್‌ಆರ್ 570(ಇ). ಕೇಸು ನಡೆಯುತ್ತಿರುವ ಕೋರ್ಟ್‌ನಿಂದ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡುತ್ತಾರೆ. ಎಷ್ಟು ಅವಧಿಗೆ? ಕೋರ್ಟ್ ತನ್ನ ಆದೇಶದಲ್ಲಿ ಎಷ್ಟು ಬರೆದಿದೆಯೋ ಅಷ್ಟಕ್ಕೆ. ಪಾಸ್‌ಪೋರ್ಟ್‌ನ ಅವಧಿಯನ್ನೂ ಬರೆದಿಲ್ಲ, ಪ್ರಯಾಣದ ಅವಧಿಯನ್ನೂ ಬರೆದಿಲ್ಲ ಅಂದರೆ ಒಂದು ವರ್ಷಕ್ಕೆ.

ಈಗ ಈ ಒಂದು ವರ್ಷವನ್ನು ಮೇಲಿನ ಆರು ತಿಂಗಳ ನಿಯಮದ ಪಕ್ಕ ಇಡಿ. ಪುಸ್ತಕ ಕೈಗೆ ಬಂದ ಆರು ತಿಂಗಳಿಗೆ ಯುಎಇ, ಸಿಂಗಪುರ, ಮಲೇಷ್ಯಾ ಎಲ್ಲವೂ ಮುಚ್ಚಿಹೋಗುತ್ತವೆ. ಎರಡು ವರ್ಷದ ಎಂ.ಎಸ್. ಓದಲು ಹೊರಟವರಿಗೆ ಅದು ಮೊದಲ ವರ್ಷಕ್ಕೂ ಸರಿಯಾಗಿ ಸಾಲದು, ಯಾಕಂದ್ರೆ ವೀಸಾ ಬರುವಷ್ಟರಲ್ಲಿ ಅದರಲ್ಲೇ ಮೂರ್ನಾಲ್ಕು ತಿಂಗಳು ಕಳೆದಿರುತ್ತದೆ. ಕೆಲಸ ಕೊಡುವ ಕಂಪನಿಯ ಎಚ್‌ಆರ್, ಒಂದು ವರ್ಷದ ಪಾಸ್‌ಪೋರ್ಟ್ ನೋಡಿದ ಕೂಡಲೇ "ಯಾಕೆ ಹೀಗೆ" ಎಂದು ಕೇಳುತ್ತಾರೆ. ಯಾರೂ ಶಿಕ್ಷೆ ಕೊಟ್ಟಿಲ್ಲ, ಅಪರಾಧ ಸಾಬೀತಾಗಿಲ್ಲ. ನಿಷೇಧಾಜ್ಞೆ ಇದ್ದ ದಿನ ತಾಲ್ಲೂಕು ಕಚೇರಿ ಮುಂದೆ ಕೂತಿದ್ದಕ್ಕೆ, ಆರೇಳು ವರ್ಷ ಮುಂದೂಡುತ್ತಲೇ ಹೋಗುವ ಕೇಸಿಗೆ, ಪ್ರತಿ ವರ್ಷ ಕೋರ್ಟ್‌ಗೆ ಹೋಗಿ ಅನುಮತಿ ಬೇಡಬೇಕು. ಒಂದು ಸಾಲಿನ ನಿಯಮ ಎಷ್ಟು ಸದ್ದಿಲ್ಲದೆ ಶಿಕ್ಷೆಯಾಗುತ್ತದೆ ನೋಡಿ.

ಹಾಗಾಗಿ ವಕೀಲರ ಹತ್ತಿರ ಹೋದಾಗ "ಎನ್‌ಒಸಿ ಹಾಕಿಕೊಡಿ" ಎಂದಷ್ಟೇ ಹೇಳಿ ಬರಬೇಡಿ. ಅರ್ಜಿಯ ಕೋರಿಕೆಯಲ್ಲೇ 10 ವರ್ಷದ ಅವಧಿಗೆ ಪಾಸ್‌ಪೋರ್ಟ್ ನೀಡಲು ಆದೇಶಿಸಬೇಕು ಎಂದು ಬರೆಸಿ. ಕೋರ್ಟ್ ಅಷ್ಟು ಕೊಡದೆ ಐದೋ ಮೂರೋ ವರ್ಷ ಕೊಡಬಹುದು. ಆದರೆ ಅವಧಿ ಕೇಳಲೇ ಇಲ್ಲವಾದರೆ ಆದೇಶದಲ್ಲಿ ಅವಧಿ ಬರುವುದಿಲ್ಲ, ಆಗ ಪಾಸ್‌ಪೋರ್ಟ್ ಕಚೇರಿಯ ಕೈಗೆ ಉಳಿಯುವುದು ಆ ಒಂದು ವರ್ಷವೇ. ಪಾಸ್‌ಪೋರ್ಟ್ ಪಡೆಯುವುದು ಬೇರೆ, ಪ್ರತಿ ಸಲ ದೇಶ ಬಿಡಲು ಕೋರ್ಟ್‌ನ ಅನುಮತಿ ಪಡೆಯುವುದು ಬೇರೆ, ಎರಡನ್ನೂ ಬೇರೆ ಬೇರೆಯಾಗಿ ಕೇಳಬಹುದು ಎಂಬುದನ್ನು ವಕೀಲರಿಗೆ ನೆನಪಿಸಿ. ಅರ್ಜಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡುವುದು ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಅಧಿಕಾರಿಯ ಕರ್ತವ್ಯ. ದೇಶದ ಭದ್ರತೆಯಂಥ ಕೆಲವು ಕಾರಣಗಳಿಗಷ್ಟೇ ಅದರಿಂದ ವಿನಾಯಿತಿ. ಸೆಕ್ಷನ್ 11ರ ಅಡಿ ಮೇಲ್ಮನವಿಯೂ ಇದೆ, ಅದಾದ ಮೇಲೆ ಹೈಕೋರ್ಟ್.

ಇದನ್ನು ಯಾರ ಕೃಪೆಯಿಂದ ಕೇಳುತ್ತಿದ್ದೇವೆ ಎಂದುಕೊಳ್ಳಬೇಡಿ. 1967ಕ್ಕೆ ಮೊದಲು ಪಾಸ್‌ಪೋರ್ಟ್ ಕೊಡುವುದು, ಬಿಡುವುದು ಸರ್ಕಾರದ ಮರ್ಜಿಯಾಗಿತ್ತು, ಕಾನೂನೇ ಇರಲಿಲ್ಲ. ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿ ಸುಪ್ರೀಂ ಕೋರ್ಟ್‌ಗೆ ಹೋದರು. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಆ ವರ್ಷದ ಏಪ್ರಿಲ್‌ನಲ್ಲಿ 3-2 ಬಹುಮತದ ತೀರ್ಪು ಬಂತು. ಆ ತೀರ್ಪಿನಿಂದಾಗಿಯೇ ಸರ್ಕಾರ ಅದೇ ವರ್ಷ ಕಾಯ್ದೆ ತಂದದ್ದು. ಹತ್ತು ವರ್ಷದ ಮೇಲೆ, 1977ರ ಜುಲೈನಲ್ಲಿ, ಮೇನಕಾ ಗಾಂಧಿ ಅವರಿಗೆ ಏಳು ದಿನದಲ್ಲಿ ಪಾಸ್‌ಪೋರ್ಟ್ ಒಪ್ಪಿಸಿ ಎಂಬ ಪತ್ರ ಬಂತು. ಕಾರಣ ಕೇಳಿದರೆ ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಹೇಳಲಾಗುವುದಿಲ್ಲ ಎಂದರು. 1978ರ ಜನವರಿ 25ರಂದು ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪನ್ನು ಇವತ್ತಿಗೂ ಕಾನೂನು ಕಾಲೇಜಿನಲ್ಲಿ ಮೊದಲು ಓದಿಸುತ್ತಾರೆ: ಸ್ವಾತಂತ್ರ್ಯ ಕಿತ್ತುಕೊಳ್ಳುವ ವಿಧಾನ ನ್ಯಾಯಯುತವಾಗಿರಬೇಕು, ಬರೀ ಕಾನೂನಿನ ಪುಸ್ತಕದಲ್ಲಿದ್ದರೆ ಸಾಲದು.

ಇಷ್ಟು ಇದ್ದೂ ಏರ್‌ಪೋರ್ಟ್‌ನಲ್ಲಿ ತಡೆಯಬಹುದು. 2022ರ ಏಪ್ರಿಲ್ 6ರಂದು ಲೇಖಕ ಆಕಾರ್ ಪಟೇಲ್ ಅವರನ್ನು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಲ್ಲಿಸಿದರು. ಅವರು ಅಮೆರಿಕಕ್ಕೆ ಉಪನ್ಯಾಸ ಕೊಡಲು ಹೊರಟಿದ್ದರು. ಅದಕ್ಕೆಂದೇ ಗುಜರಾತಿನ ಕೋರ್ಟ್‌ನಿಂದ ಅನುಮತಿ ಪಡೆದು ಪಾಸ್‌ಪೋರ್ಟ್ ಬಿಡಿಸಿಕೊಂಡಿದ್ದರು. ಆದರೆ ಬೇರೊಂದು ಪ್ರಕರಣದಲ್ಲಿ ಸಿಬಿಐ ಅವರ ಮೇಲೆ ಲುಕ್‌ಔಟ್ ಸುತ್ತೋಲೆ ಹೊರಡಿಸಿತ್ತು. ಅದು ಅವರಿಗೆ ಗೊತ್ತಾಗಿದ್ದು ಇಮಿಗ್ರೇಶನ್ ಸಾಲಿನಲ್ಲಿ. ಮರುದಿನ ದೆಹಲಿಯ ಕೋರ್ಟ್ ಸುತ್ತೋಲೆ ಹಿಂಪಡೆಯಲು, ಸಿಬಿಐ ನಿರ್ದೇಶಕರು ಲಿಖಿತ ಕ್ಷಮೆ ಕೇಳಲು ಆದೇಶಿಸಿತು. ಮೇಲಿನ ಕೋರ್ಟ್ ಕ್ಷಮೆಯ ಭಾಗವನ್ನು ತೆಗೆದುಹಾಕಿತು, ಸುತ್ತೋಲೆ ರದ್ದಾದದ್ದನ್ನು ಎತ್ತಿಹಿಡಿಯಿತು.

ಇನ್ನೊಂದು ಕಡೆ ಹಾಸನದ ಅಂದಿನ ಸಂಸದ ಪ್ರಜ್ವಲ್ ರೇವಣ್ಣ. 2024ರ ಏಪ್ರಿಲ್ 26ರಂದು ಮತದಾನ ಮುಗಿದ ಕೂಡಲೇ ರಾಜತಾಂತ್ರಿಕ ಪಾಸ್‌ಪೋರ್ಟ್‌ನಲ್ಲಿ ಜರ್ಮನಿಗೆ ಹೊರಟುಹೋದರು. ಆ ಪಾಸ್‌ಪೋರ್ಟ್‌ಗೆ ಅಲ್ಲಿ ವೀಸಾ ಕೂಡ ಬೇಡ. ರದ್ದು ಮಾಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಮೇ ಮೊದಲ ದಿನವೇ ಪತ್ರ ಬರೆದರು. ವಿದೇಶಾಂಗ ಸಚಿವಾಲಯ ಶೋಕಾಸ್ ನೋಟಿಸ್ ಕೊಟ್ಟದ್ದು ಆ ತಿಂಗಳ ಕೊನೆಯ ಭಾಗದಲ್ಲಿ. ಮೇ 31ಕ್ಕೆ ಅವರು ವಾಪಸ್ ಬಂದಾಗ ಬಂಧನವಾಯಿತು. ಪಾಸ್‌ಪೋರ್ಟ್ ಕಾಯ್ದೆ ಸಂಸದರಿಗೂ ಪಾವಗಡದ ವಿದ್ಯಾರ್ಥಿಗೂ ಒಂದೇ. ಅದು ನಡೆಯುವ ವೇಗ ಮಾತ್ರ ಒಂದೇ ಅಲ್ಲ.

ಅರ್ಜಿ ತುಂಬುವ ಮೊದಲು

ನಿಮ್ಮ ಮೇಲೆ ಕೇಸು ಇದೆಯೋ ಇಲ್ಲವೋ ಅನುಮಾನವಿದ್ದರೆ ಇ-ಕೋರ್ಟ್ಸ್ ಆಪ್‌ನಲ್ಲಿ ಹೆಸರು ಅಥವಾ ಎಫ್‌ಐಆರ್ ನಂಬರ್ ಹಾಕಿ ಹುಡುಕಿ. ತುಮಕೂರು ಜಿಲ್ಲೆ ಆರಿಸಿ, ಆಮೇಲೆ ತಾಲ್ಲೂಕಿನ ಕೋರ್ಟ್. ಕನ್ನಡ ಹೆಸರನ್ನು ಇಂಗ್ಲಿಷ್‌ನಲ್ಲಿ ಹೇಗೆ ಬರೆದಿದ್ದಾರೋ ಹೇಳಲಾಗದು, ಎರಡು ಮೂರು ಥರ ಬರೆದು ನೋಡಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಕೇಳುವ ಪ್ರಶ್ನೆ ಕೋರ್ಟ್‌ನಲ್ಲಿ ಬಾಕಿ ಇರುವ ಕ್ರಿಮಿನಲ್ ಪ್ರಕರಣದ ಬಗ್ಗೆ. ಅದಕ್ಕೆ ಸುಳ್ಳು ಉತ್ತರ ಬರೆಯಬೇಡಿ. ಮಾಹಿತಿ ಮುಚ್ಚಿಟ್ಟರೆ ಸೆಕ್ಷನ್ 12ರ ಅಡಿ ಅದೇ ಒಂದು ಅಪರಾಧವಾಗುತ್ತದೆ, ಈಗಾಗಲೇ ಕೊಟ್ಟ ಪಾಸ್‌ಪೋರ್ಟನ್ನೂ ಮುಟ್ಟುಗೋಲು ಹಾಕಬಹುದು. ಸಣ್ಣ ಕೇಸು ಮುಚ್ಚಲು ಹೋಗಿ ದೊಡ್ಡದನ್ನು ಎಳೆದುಕೊಂಡಂತೆ.

ಅರ್ಜಿಗೆ ಸರ್ಕಾರದ ಜಾಲತಾಣ ಒಂದೇ, ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್. ಅದನ್ನೇ ಹೋಲುವ, ಹೆಚ್ಚು ದುಡ್ಡು ಕೇಳುವ ನಕಲಿ ಪುಟಗಳು ಸರ್ಚ್‌ನಲ್ಲಿ ಮೇಲೆಯೇ ಬರುತ್ತವೆ. ಸಹಾಯವಾಣಿ 1800-258-1800. ಸೈಬರ್ ಸೆಂಟರ್‌ನಲ್ಲಿ ತುಂಬಿಸುವುದಾದರೆ ನಿಮ್ಮದೇ ಮೊಬೈಲ್ ನಂಬರ್, ನಿಮ್ಮದೇ ಇಮೇಲ್ ಕೊಡಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಅಂಗಡಿಯವರ ನಂಬರ್ ಕೊಟ್ಟರೆ ಅಪಾಯಿಂಟ್‌ಮೆಂಟ್ ಮೆಸೇಜೂ ಅವರಿಗೇ, ಪೊಲೀಸ್ ಪರಿಶೀಲನೆಯ ಕರೆಯೂ ಅವರಿಗೇ ಹೋಗುತ್ತದೆ.